0.1ರ ಹುಚ್ಚು ಮೊದಲು ಬಿಡಿ

ಪ್ರಶ್ನೆ: ಕೀ ಇಳಿದ ಆಳವನ್ನು ಆಯಸ್ಕಾಂತದಿಂದ ಅಳೆಯುವ ಹೊಸ ಮ್ಯಾಗ್ನೆಟಿಕ್ ಕೀಬೋರ್ಡಿನಲ್ಲಿ ಎಲ್ಲ ಕೀಗಳ ಆಕ್ಚುಯೇಶನ್ (ಕೀ ಎಷ್ಟು ಇಳಿದರೆ ಒತ್ತಿದಂತೆ ಎಂಬ ಅಳತೆ) ಮತ್ತು ರ‍್ಯಾಪಿಡ್ ಟ್ರಿಗರ್ ಎರಡನ್ನೂ 0.1 ಮಿ.ಮೀ.ಗೆ ಇಟ್ಟಿದ್ದೇನೆ. ಆದರೂ ಕೌಂಟರ್ ಸ್ಟ್ರೈಕ್ 2 ಎಂಬ ಶೂಟಿಂಗ್ ಆಟದಲ್ಲಿ ನಿಂತು ಹೊಡೆದ ಗುಂಡೂ ಗುರಿ ತಪ್ಪುತ್ತದೆ. ಕೀಬೋರ್ಡ್ ಹಾಳಾಗಿದೆಯೇ? (ವಿದ್ಯಾರ್ಥಿ, ಮಣಿಪಾಲ)

ಮಳೆಗಾಲ ಶುರುವಾದ ಮೇಲೆ ಈ ಪ್ರಶ್ನೆ ಬಂದಿರುವುದು ಇದು ಐದನೆಯ ಸಲ. ಕೀಬೋರ್ಡ್ ಚೆನ್ನಾಗಿಯೇ ಇದೆ. ನೀವು ನಿಂತಿದ್ದೀರಿ ಎಂದುಕೊಂಡಿದ್ದೀರಿ, ಆಟದ ಲೆಕ್ಕದಲ್ಲಿ ನಿಂತಿಲ್ಲ, ಅಷ್ಟೆ. ಚಲಿಸುತ್ತಾ ಹೊಡೆದ ಗುಂಡು ಅಲ್ಲಿ ಗುರಿ ತಪ್ಪುತ್ತದೆ. ಬೆರಳು ಸುಮ್ಮನೆ ಕೀಯ ಮೇಲೆ ಕುಳಿತರೂ ಅದರ ಭಾರಕ್ಕೆ ಕೀ ಕೂದಲೆಳೆಯಷ್ಟು ಇಳಿಯುತ್ತದೆ. 0.1ಕ್ಕೆ ಅಷ್ಟೇ ಸಾಕು.

ನೋಟ್‌ಪ್ಯಾಡ್ ತೆರೆದು, ಆಡುವಾಗ ಇಡುವಂತೆಯೇ ಬೆರಳಿಟ್ಟು ಎರಡು ನಿಮಿಷ ಕುಳಿತುಕೊಳ್ಳಿ. ಪರದೆಯಲ್ಲಿ ಎ, ಡಿ (ಆಟದಲ್ಲಿ ಎಡಕ್ಕೆ, ಬಲಕ್ಕೆ ನಡೆಸುವ ಕೀಗಳು) ಸಾಲುಗಟ್ಟಿದರೆ ಉತ್ತರ ಸಿಕ್ಕಿತು. ಅಕ್ಷರ ಬೀಳುವುದು ನಿಲ್ಲುವವರೆಗೆ ಆಕ್ಚುಯೇಶನ್ ಅನ್ನು 0.1ರಂತೆ ಏರಿಸಿ, ಅದರ ಮೇಲೆ ಇನ್ನೂ 0.2 ಸೇರಿಸಿ. ನನ್ನ ಬೆರಳು ದಪ್ಪ, ನನ್ನದು 0.8ಕ್ಕೆ ನಿಂತಿದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ರ‍್ಯಾಪಿಡ್ ಟ್ರಿಗರ್ ಬೇರೆಯೇ ವಿಷಯ. ಕೀ ಎಷ್ಟೇ ಆಳದಲ್ಲಿರಲಿ, ಅಲ್ಲಿಂದ ಎಷ್ಟು ಎತ್ತಿದರೆ ಬಿಟ್ಟಂತೆ ಎಂಬುದು ಅದರ ಲೆಕ್ಕ. ಎ ಬಿಟ್ಟು ಡಿ ತಟ್ಟಿ ತಟಕ್ಕನೆ ನಿಲ್ಲುವಾಗ ಲಾಭ ಬರುವುದು ಇಲ್ಲಿಂದಲೇ. ಆದರೆ ಕೀಯನ್ನು ತಳಕ್ಕೆ ಒತ್ತಿ ಹಿಡಿದ ಬೆರಳೂ ನಡುಗುತ್ತದೆ. 0.1ರಲ್ಲಿ ಆ ನಡುಕವನ್ನೂ ಕೀಬೋರ್ಡ್ ಬಿಟ್ಟಂತೆ ಎಣಿಸಿ ನಿಮ್ಮನ್ನು ಕುಂಟಿಸುತ್ತದೆ. ಎ, ಡಿಗಳಿಗೆ 0.2ರಿಂದ ಆರಂಭಿಸಿ. ಶಿಫ್ಟ್‌ಗೆ ರ‍್ಯಾಪಿಡ್ ಟ್ರಿಗರ್ ಬೇಡವೇ ಬೇಡ: ಅದನ್ನು ಒತ್ತಿ ಹಿಡಿದು ಸದ್ದಿಲ್ಲದೆ ನಡೆಯುತ್ತಿರುವಾಗ ಕಿರುಬೆರಳು ಒಂದಿಷ್ಟು ಸಡಿಲಾದರೆ ಹೆಜ್ಜೆ ಸಪ್ಪಳ ಎದುರಾಳಿಯ ಕಿವಿಗೆ ಬಿತ್ತೆಂದೇ ತಿಳಿಯಿರಿ. ಗ್ರೆನೇಡ್ ಕೀಗಳು 1.5ರಲ್ಲಿರಲಿ. ಕೀಯ ಕೆಳಗಿನ ಸ್ವಿಚ್ ಬದಲಿಸಿದ್ದರೆ ಇದೆಲ್ಲಕ್ಕೂ ಮೊದಲು ಕ್ಯಾಲಿಬ್ರೇಶನ್ (ಹೊಸ ಸ್ವಿಚ್ಚಿನ ಆಳವನ್ನು ಕೀಬೋರ್ಡಿಗೆ ಕಲಿಸುವುದು) ಮಾಡಿ, ಇಲ್ಲದಿದ್ದರೆ ಮೇಲಿನ ಯಾವ ಅಂಕಿಗೂ ಅರ್ಥವಿಲ್ಲ.

ಮುನ್ನೂರು ರೂಪಾಯಿಗೆ ‘ಪ್ರೊ ಆಟಗಾರರ ಸೆಟ್ಟಿಂಗ್’ ಮಾರುವವರೂ ಈಗ ಹುಟ್ಟಿಕೊಂಡಿದ್ದಾರೆ. ಇನ್ನೊಬ್ಬರ ಕನ್ನಡಕ ಹಾಕಿಕೊಂಡು ಪತ್ರಿಕೆ ಓದುತ್ತೀರಾ?

ಪ್ರಶ್ನೆ: ಸ್ನ್ಯಾಪ್ ಟ್ಯಾಪ್ ಹಾಕಿಕೊಳ್ಳಬಹುದೇ? (ಸುರತ್ಕಲ್)

ಎ ಒತ್ತಿರುವಾಗಲೇ ಡಿ ಒತ್ತಿದರೆ ಎ ತಾನಾಗಿ ಬಿಟ್ಟಂತಾಗುವ ಸೌಲಭ್ಯ ಅದು. ಕೌಂಟರ್ ಸ್ಟ್ರೈಕ್ 2ರ ಅಧಿಕೃತ ಸರ್ವರ್‌ಗಳಲ್ಲಿ ಆಟದ ತಯಾರಕ ಕಂಪನಿ ವಾಲ್ವ್ ಅದನ್ನು 2024ರ ಆಗಸ್ಟ್‌ನಲ್ಲೇ ನಿಷೇಧಿಸಿದೆ. ಪಂದ್ಯದಿಂದ ಹೊರಬಿದ್ದ ಮೇಲೆ ನನಗೆ ಬರೆಯಬೇಡಿ.

ಪ್ರಶ್ನೆ: 1000 ಹರ್ಟ್ಸ್‌ನಿಂದ 8000ಕ್ಕೆ ಹೋಗಲೇ? (ಕುಂದಾಪುರ)

ಕೀಬೋರ್ಡ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ ಎಂಬ ಲೆಕ್ಕ ಅದು. ಉಳಿಯುವುದು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. ಆ ಹಣದಲ್ಲಿ ಒಳ್ಳೆಯ ಕುರ್ಚಿ ಕೊಳ್ಳಿ.

ಪ್ರಶ್ನೆ: ಕಡಲ ಗಾಳಿಗೆ ಸ್ವಿಚ್ ತುಕ್ಕು ಹಿಡಿಯುತ್ತದೆಯೇ? ತೆಂಗಿನೆಣ್ಣೆ ಹಚ್ಚಿದರೆ ನುಣುಪಾಗುತ್ತದೆ ಎಂದು ಅಂಗಡಿಯವರು ಹೇಳಿದರು. (ಉಳ್ಳಾಲ)

ಕೀ ಎಷ್ಟು ಇಳಿಯಿತೆಂದು ಆಯಸ್ಕಾಂತ ಮತ್ತು ಸೆನ್ಸರ್ ಅಳೆಯುತ್ತವೆ. ತುಕ್ಕು ಹಿಡಿದು ಕೈಕೊಡಲು ಒಂದಕ್ಕೊಂದು ತಾಗುವ ಲೋಹದ ಪಟ್ಟಿಗಳೇ ಅಲ್ಲಿಲ್ಲ. ಸ್ಪ್ರಿಂಗ್ ಮಾತ್ರ ಲೋಹದ್ದು, ಆಟ ಮುಗಿದ ಮೇಲೆ ಕೀಬೋರ್ಡಿಗೆ ಬಟ್ಟೆ ಹೊದಿಸಿಡಿ. ಇನ್ನು ತೆಂಗಿನೆಣ್ಣೆ! ಅದು ಧೂಳು ಹಿಡಿದು ಅಂಟಾಗುತ್ತದೆ, ಎಸಿಯನ್ನು 22 ಡಿಗ್ರಿಗೆ ಇಟ್ಟ ಕೋಣೆಯಲ್ಲಿ ಹೆಪ್ಪುಗಟ್ಟುತ್ತದೆ. ಈಗಾಗಲೇ ಹಚ್ಚಿದ್ದರೆ ತೊಳೆಸಲು ಆ ಅಂಗಡಿಗೇ ಹೋಗಿ, ನನ್ನ ಬಳಿ ತರಬೇಡಿ.