ಅಣ್ಣನ ಋಣ, ಕೆರೆಯ ಲೆಕ್ಕ

ಪ್ರಶ್ನೆ: ಮೇಡಂ, ನನಗೆ 38 ವರ್ಷ, ಊರಲ್ಲಿ ಗೊಬ್ಬರದ ಅಂಗಡಿ ಇದೆ. ನಮ್ಮ ಶಾಸಕರ ಜೊತೆ ಹದಿನೈದು ವರ್ಷದಿಂದ ಓಡಾಡಿದ್ದೇನೆ, ಅವರನ್ನು ನಾವೆಲ್ಲ ‘ಅಣ್ಣ’ ಅಂತಲೇ ಕರೆಯೋದು. ಅವರು ಎರಡು ಸಲ ಸೋತಾಗಲೂ ನಾನೇ ಬೂತ್ ಏಜೆಂಟ್. ಅಮ್ಮನಿಗೆ ಎದೆನೋವು ಬಂದ ದಿನ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ ಆಸ್ಪತ್ರೆಯಲ್ಲಿ ಹಾಸಿಗೆ ಕೊಡಿಸಿದವರು ಅವರು. ಈಗ ನಮ್ಮೂರ ಕೆರೆ ಹೂಳೆತ್ತಿ ಏರಿ ಗಟ್ಟಿ ಮಾಡುವ ಕೆಲಸ ಅವರ ಭಾವಮೈದನಿಗೆ ಸಿಕ್ಕಿದೆ. ಹೂಳು ತೆಗೆದದ್ದು ಅಂಚಿನಲ್ಲಷ್ಟೇ. ಏರಿಗೆ ಕಟ್ಟಿದ ಕಲ್ಲು ಮೊದಲ ಮಳೆಗೇ ಜಾರಿತು. ಬೋರ್ಡಿನಲ್ಲಿ ಮಾತ್ರ ‘ಕಾಮಗಾರಿ ಪೂರ್ಣ’. ನಮ್ಮ ಗ್ರೂಪಿನಲ್ಲಿ ಒಂದು ಮಾತು ಕೇಳಿದ್ದಕ್ಕೆ ಹುಡುಗರು, ‘ಆ ಕಡೆಯವರ ಕೈಗೆ ದೊಣ್ಣೆ ಕೊಡ್ತೀಯಾ?’ ಅಂದರು. ಸೋದರಮಾವ ‘ಉಂಡ ಮನೆ ಜಂತೆ ಎಣಿಸ್ತೀಯಾ?’ ಅಂದರು. ಸುಮ್ಮನಿದ್ದರೆ ನಿದ್ದೆ ಬರಲ್ಲ, ಕೇಳಿದರೆ ದ್ರೋಹಿ. ಏನು ಮಾಡಲಿ?
(ಹೆಸರು, ಊರು ಬೇಡ)

ಉತ್ತರ: ನಿಮ್ಮ ಮಾವನ ಗಾದೆಯನ್ನೇ ಮೊದಲು ನೋಡೋಣ. ಉಂಡ ಮನೆಯ ಜಂತೆ ಎಣಿಸಬಾರದು, ನಿಜ. ಆದರೆ ಇಲ್ಲಿ ಮನೆ ಯಾರದು? ಕೆರೆ ಶಾಸಕರದಲ್ಲ, ಅವರ ಭಾವಮೈದನದೂ ಅಲ್ಲ. ಅದು ನಿಮ್ಮೂರಿನ ಮನೆ. ಉಂಡು ಹೋದವರು ಗುತ್ತಿಗೆದಾರರು. ಮನೆಯವರು ತಮ್ಮ ಜಂತೆ ತಾವು ಎಣಿಸಿಕೊಂಡರೆ ಯಾವ ಗಾದೆಯೂ ಅಡ್ಡ ಬರುವುದಿಲ್ಲ.

ಆದರೂ ಆ ರಾತ್ರಿ ಎರಡು ಗಂಟೆಯ ಫೋನನ್ನು ನಾನು ಹಗುರವಾಗಿ ನೋಡುವುದಿಲ್ಲ. ನಿಮ್ಮ ನಿದ್ದೆ ಕೆಡಿಸಿರುವುದು ಕೆರೆಗಿಂತ ಹೆಚ್ಚಾಗಿ ಅದೇ ಇರಬೇಕು. ಅದು ಋಣವೇ. ಆದರೆ ಆ ಋಣ ನಿಮ್ಮದು, ನಿಮ್ಮಮ್ಮನದು. ಅಣ್ಣನ ಮನೆಯ ಮದುವೆಗೆ ಮೂರು ದಿನ ಮೊದಲೇ ಹೋಗಿ ಚಪ್ಪರ ಹಾಕಿಸಿ, ಅವರು ಮತ್ತೆ ಸೋತ ದಿನ ಮನೆ ಬಾಗಿಲಲ್ಲಿ ನೀವೊಬ್ಬರೇ ನಿಂತಿರಿ. ಹಾಗೆ ತೀರಿಸಿ. ಕೆರೆ ಕೆಳಗಿನ ಗದ್ದೆಯವರ ನೀರನ್ನು ಕೊಟ್ಟು ನಿಮ್ಮ ಸಾಲ ತೀರಿಸಲು ಹೊರಟರೆ ಅವರು ಒಪ್ಪಬೇಕಲ್ಲ? ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಇದನ್ನೇ ಇನ್ನೂ ದೊಡ್ಡ ಅಳತೆಯಲ್ಲಿ ಹೇಳಿದ್ದರು: ದೇಶಕ್ಕೆ ಬಾಳೆಲ್ಲ ತೇದವರಿಗೆ ಕೃತಜ್ಞರಾಗಿರಿ, ಆದರೆ ಕೃತಜ್ಞತೆಗೂ ಒಂದು ಮಿತಿ ಇದೆ.

ಇನ್ನು ದೊಣ್ಣೆಯ ವಿಷಯ. ನಿಮ್ಮ ಹುಡುಗರಿಗೆ ಒಂದು ಹಳೇ ಕತೆ ಹೇಳಿ. 1957ರ ಡಿಸೆಂಬರ್. ಸರ್ಕಾರ ಕಾಂಗ್ರೆಸ್ಸಿನದು, ಪ್ರಧಾನಿ ನೆಹರೂ. ಜೀವ ವಿಮಾ ನಿಗಮದ ಹಣ, ಸುಮಾರು 1.24 ಕೋಟಿ ರೂಪಾಯಿ, ಹರಿದಾಸ್ ಮುಂದ್ರಾ ಎಂಬ ವ್ಯಾಪಾರಿಯ ಮುಗ್ಗರಿಸುತ್ತಿದ್ದ ಕಂಪನಿಗಳ ಷೇರಿಗೆ ಹೋಗಿತ್ತು. ಲೋಕಸಭೆಯಲ್ಲಿ ಎದ್ದು ನಿಂತು ಇದರ ಎಳೆ ಎಳೆ ಬಿಡಿಸಿದ್ದು ಕಾಂಗ್ರೆಸ್ಸಿನದೇ ಸಂಸದ ಫಿರೋಜ್ ಗಾಂಧಿ, ಪ್ರಧಾನಿಯ ಸ್ವಂತ ಅಳಿಯ. ಮಾವನ ಮನೆಯ ಊಟದ ಮೇಜಿನಲ್ಲಿ ಆ ವಾರ ಏನು ಮಾತಾಯಿತೋ ದೇವರೇ ಬಲ್ಲ! ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗ ಬಂತು, ವಿಚಾರಣೆ ಜನರ ಎದುರೇ ನಡೆಯಿತು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪಕ್ಷ ಮುಳುಗಿತೇ? 1962ರಲ್ಲಿ ಮತ್ತೆ ಭಾರಿ ಬಹುಮತದಿಂದ ಗೆದ್ದಿತು. ಅದೇ ಕೃಷ್ಣಮಾಚಾರಿ ಸಂಪುಟಕ್ಕೆ ಮರಳಿದರು, ಹಣಕಾಸು ಖಾತೆಯನ್ನೂ ಮತ್ತೆ ಪಡೆದರು.

ವಿರೋಧಿಗಳು ಕೇಳಿದ್ದರೆ ‘ಅವರು ಹೇಳೋದೇ ಹಾಗೆ’ ಎಂದು ಕೈ ಕೊಡವಿಬಿಡುವುದು ಸುಲಭವಿತ್ತು. ನಿಮ್ಮ ಕೆರೆಗೂ ಅದೇ ಲೆಕ್ಕ. ಆ ಕಡೆಯವರು ಏರಿಯ ಮೇಲೆ ಧರಣಿ ಕೂತರೆ ಅಣ್ಣ ನಕ್ಕು ಸುಮ್ಮನಾಗುತ್ತಾರೆ. ನೀವು ಹೋಗಿ ಕೂತರೆ ಅವರಿಗೆ ನಗು ಬರುವುದಿಲ್ಲ. ಅಲ್ಲದೆ ಕಲ್ಲು ಜಾರಿರುವುದು ದನ ಕಾಯುವ ಹುಡುಗನಿಗೂ ಕಾಣುತ್ತಿದೆ. ದೊಣ್ಣೆ ಅಲ್ಲೇ ಬಿದ್ದಿದೆ, ನೀವು ಹೊಸದಾಗಿ ಕೊಡುವುದೇನೂ ಇಲ್ಲ.

ನನ್ನ ಮನೆಯದೇ ಒಂದು ಸಂಗತಿ. ನನ್ನಪ್ಪ ಒಂದು ಸಹಕಾರ ಸಂಘದ ನಿರ್ದೇಶಕರಾಗಿದ್ದರು, ಅಧ್ಯಕ್ಷರು ಅವರ ಜೀವದ ಗೆಳೆಯ. ಸಾಲದ ಪುಸ್ತಕದಲ್ಲಿ ಸತ್ತವರ ಹೆಸರು ಅಪ್ಪನ ಕಣ್ಣಿಗೆ ಬಿತ್ತು. ‘ಪಾಪ, ಮಗಳ ಮದುವೆ ಮುಗೀಲಿ’ ಎಂದು ಬಾಯಿ ಮುಚ್ಚಿಕೊಂಡರು. ಮದುವೆಯೂ ಮುಗಿಯಿತು, ಸಂಘವೂ ಮುಗಿಯಿತು. ವರ್ಷಗಳ ಮೇಲೆ ಆ ಗೆಳೆಯ ನಮ್ಮ ಜಗುಲಿಯಲ್ಲಿ ಕೂತು, ಕಾಫಿ ಲೋಟ ಕೆಳಗಿಟ್ಟು, ‘ನೀನಾದ್ರೂ ಒಂದ್ಮಾತು ಹೇಳ್ಬಾರ್ದಿತ್ತೇನೋ’ ಅಂದರು. ಅಪ್ಪ ಎದ್ದು ಹಿತ್ತಲಿಗೆ ಹೋದರು.

ಹಾಗಾಗಿ ಹೋಗಿ, ಕೇಳಿ. ಆದರೆ ಗ್ರೂಪಿನಲ್ಲಿ ಬೇಡ. ಅಲ್ಲಿ ನೂರು ಜನ ಅಣ್ಣನಿಗೆ ನಿಷ್ಠೆ ತೋರಿಸಲೆಂದೇ ಕಾಯುತ್ತಿರುತ್ತಾರೆ. ಬೆಳಿಗ್ಗೆ ಜನ ಸೇರುವ ಮುಂಚೆ ಒಬ್ಬರೇ ಹೋಗಿ. ಕಲ್ಲು ಜಾರಿದ ಜಾಗದ ಫೋಟೋ, ಬೋರ್ಡಿನ ಫೋಟೋ ಕೈಯಲ್ಲಿರಲಿ. ‘ಅಮ್ಮ ದಿನಾ ನಿಮ್ಮನ್ನ ನೆನೆಸ್ಕೊಳ್ತಾಳೆ ಅಣ್ಣ, ನಾನು ಕೆರೆ ವಿಷ್ಯಕ್ಕೆ ಬಂದೆ’ ಎಂದೇ ಶುರು ಮಾಡಿ. ಭಾವಮೈದ ಕಳ್ಳ ಎನ್ನಬೇಡಿ. ಅದು ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೆಲಸ ಕೆಟ್ಟಿದೆ ಎನ್ನಿ, ಅದು ಗೊತ್ತಿದೆ. ಅವರು ಅಲ್ಲೇ ಎಂಜಿನಿಯರಿಗೆ ಫೋನ್ ಹಚ್ಚಿದರೆ ಅರ್ಧ ಕೆಲಸ ಆಯಿತು.

‘ನೋಡೋಣ ಬಿಡೋ’ ಅಂದರೆ ತಿಂಗಳು ಕಾಯಿರಿ, ಆಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಕೆರೆ ಸಣ್ಣ ನೀರಾವರಿ ಇಲಾಖೆಗೆ ಸೇರಿರುತ್ತದೆ, ಕಡಿಮೆಯಿದ್ದರೆ ಪಂಚಾಯತ್ ಕಡೆಗೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಅಂದಾಜು ಪಟ್ಟಿ, ಅಳತೆ ಪುಸ್ತಕ, ಈವರೆಗೆ ಪಾವತಿಸಿದ ಬಿಲ್ಲು, ಇವಿಷ್ಟರ ನಕಲು ಕೇಳಿ. ಕೆಲಸ ನಡೆದ ಜಾಗವನ್ನು ಪರಿಶೀಲಿಸುವ ಹಕ್ಕೂ 2005ರ ಅದೇ ಕಾಯ್ದೆಯಲ್ಲಿದೆ, ಬಹಳ ಜನ ಅದನ್ನು ಬಳಸುವುದೇ ಇಲ್ಲ.

ಮುನಿಸಿಕೊಂಡರೆ? ಮುನಿಸಿಕೊಳ್ಳಬಹುದು. ನಿಮ್ಮದು ಲೈಸೆನ್ಸಿನ ವ್ಯಾಪಾರ, ಅಂಗಡಿಗೆ ತಪಾಸಣೆ ಬಂದರೂ ಬರಬಹುದು. ಸ್ಟಾಕ್ ಪುಸ್ತಕ ಸರಿಯಾಗಿಟ್ಟುಕೊಳ್ಳಿ. ಅರ್ಜಿಗೆ ಕೆರೆ ಕೆಳಗಿನ ನಾಲ್ಕಾರು ರೈತರೂ ಸಹಿ ಹಾಕಿದರೆ ಒಳ್ಳೆಯದು. 45 ಕೆ.ಜಿ.ಯ ಒಂದು ಚೀಲ ಯೂರಿಯಾ ಮಾರಲು ನೀವು ಮಷೀನಿನ ಮೇಲೆ ಅವರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೀರಿ. ಲೆಕ್ಕ ಕೇಳುವುದು ಅವಮಾನ ಎಂದು ಅವರಾರೂ ನಿಮ್ಮ ಮೇಲೆ ಸಿಟ್ಟಾಗಿಲ್ಲ.

ಕೊನೆಯದಾಗಿ ಒಂದು ಅವಸರದ ವಿಷಯ. ಬೋರ್ಡಿನಲ್ಲಿ ‘ಪೂರ್ಣ’ ಎಂದಿದ್ದ ಮಾತ್ರಕ್ಕೆ ಅಂತಿಮ ಬಿಲ್ ಆಗಿರಬೇಕೆಂದಿಲ್ಲ. ಆಗಿಲ್ಲದಿದ್ದರೆ ಅದೇ ಹಣದಲ್ಲಿ ಏರಿ ರಿಪೇರಿ ಮಾಡಿಸಬಹುದು. ಆಗಿದ್ದರೂ ಗುತ್ತಿಗೆ ಕರಾರಿನಲ್ಲಿ ದೋಷ ಸರಿಪಡಿಸಿಕೊಡುವ ಅವಧಿ ಎಂದು ಇರುತ್ತದೆ, ಅದು ಯಾವಾಗ ಮುಗಿಯುತ್ತದೆ ನೋಡಿ. ಅಣ್ಣನ ಮನೆಗೆ ಹೋಗುವ ಮೊದಲು ಎಂಜಿನಿಯರ್ ಕಚೇರಿಯಲ್ಲಿ ಈ ಎರಡು ತಾರೀಕು ವಿಚಾರಿಸಿಕೊಳ್ಳಿ.