ನಲ್ಲಿ ಕೂರಿಸುವವರು ವೈರ್ ಮುಟ್ಟಬಹುದಾ?

ಕುಮಟಾದಿಂದ ಓದುಗರೊಬ್ಬರು ಬರೆದಿದ್ದಾರೆ: ‘ಹದಿನಾರು ವರ್ಷದಿಂದ ಪ್ಲಂಬಿಂಗ್ ಮಾಡುತ್ತಿದ್ದೇನೆ. ವಯಸ್ಸು 38. ಗೀಸರ್ ಕೂರಿಸಿದ ಮೇಲೆ, ಬಾವಿಗೆ ಪಂಪು ಇಳಿಸಿದ ಮೇಲೆ, ವೈರನ್ನೂ ನೀನೇ ಕೊಟ್ಟುಬಿಡು ಮಾರಾಯ ಅಂತಾರೆ. ಎಲೆಕ್ಟ್ರಿಷಿಯನ್‌ಗಾಗಿ ಎರಡು ದಿನ ಕಾಯಬೇಕು. ಒಂದು ತಿಂಗಳ ವೈರಿಂಗ್ ಕೋರ್ಸ್ ಇದೆಯಂತೆ. ಈ ವಯಸ್ಸಿನಲ್ಲಿ ಸೇರಬೇಕಾ? ಸೇರಿದರೆ ಮನೆ ವೈರಿಂಗ್ ಹಿಡಿಯಬಹುದಾ? ಹೆಸರು ಹಾಕಬೇಡಿ.’

ಅಣ್ಣಾ, ಖಂಡಿತ ಸೇರಿ. ಎರಡನೇ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಸೇರಿ ಅಂತ ಯಾಕೆ ಹೇಳುತ್ತಿದ್ದೇನೆ ಅನ್ನುವುದು ಕೇಳಿ.

ಕೆಲವು ವರ್ಷಗಳ ಹಿಂದೆ ಶಿರಸಿಯ ನಮ್ಮ ಮನೆಯ ಬಚ್ಚಲಿಗೆ ಗೀಸರ್ ಹಾಕಿಸಿದೆವು. ಕೂರಿಸಿದವರೇ ವೈರನ್ನೂ ಕೊಟ್ಟು ಹೋದರು. ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ದಿನ ಅಮ್ಮ, ‘ನಲ್ಲಿ ಮುಟ್ಟಿದರೆ ಕೈ ಜುಂ ಅನ್ನುತ್ತದೆ’ ಎಂದರು. ನಾವು ಥಂಡಿಗೆ ಹಾಗಾಗುತ್ತದೆ ಅಂದುಕೊಂಡು ಸುಮ್ನೆ ಬಿಟ್ಟೆವು. ವಾರ ಕಳೆದ ಮೇಲೆ ನನಗೇ ಹೊಡೆಯಿತು. ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ತಾಗಿಸಿದರೆ ನಲ್ಲಿಯ ಮೇಲೇ ದೀಪ ಉರಿಯಿತು. ಅವರು ಮೇನ್ ತೆಗೆದು ಸಾಕೆಟ್ ಬಿಚ್ಚಿದರು. ಮೇಲಿನ ದೊಡ್ಡ ತೂತಿದೆ ನೋಡಿ, ಅರ್ಥಿಂಗಿನದು, ಅದರ ಹಿಂದಿನ ಸ್ಕ್ರೂ ಖಾಲಿ. ಅಲ್ಲಿಗೆ ಬರಬೇಕಾದ ಹಸಿರು ವೈರನ್ನು ಕತ್ತರಿಸಿ, ತುದಿಗೆ ಟೇಪ್ ಸುತ್ತಿ ಡಬ್ಬಿಯೊಳಗೆ ಮಡಚಿಟ್ಟಿದ್ದರು. ಗೀಸರಿನ ಕಾಯಿಲ್ ಸೀಳಿತ್ತು. ಸೋರಿದ ಕರೆಂಟಿಗೆ ನೆಲಕ್ಕಿಳಿಯಲು ಬೇರೆ ದಾರಿ ಇರಲಿಲ್ಲ. ಅಮ್ಮನ ಕೈಯೇ ದಾರಿ. ಬೋರ್ಡಿನಲ್ಲಿ ತಾನಾಗಿ ಬಿದ್ದು ಲೈನ್ ಕಡಿಯುವ ಸ್ವಿಚ್ಚು, ಎಂಸಿಬಿ, ಬೀಳಲೇ ಇಲ್ಲ. ಲೋಡ್ ಜಾಸ್ತಿ ಆದರೆ, ಶಾರ್ಟ್ ಆದರೆ ಮಾತ್ರ ಅದು ಬೀಳುತ್ತದೆ. ಮನುಷ್ಯನ ಮೈಮೇಲೆ ಹರಿಯುವ ಕರೆಂಟ್ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ಹಿಡಿಯುವುದು ಬೇರೆಯೇ ಸ್ವಿಚ್ಚು, ಆರ್‌ಸಿಸಿಬಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಅಷ್ಟು ಸೋರಿದ ಕೂಡಲೇ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ನಮ್ಮ ಮನೆಯಲ್ಲಿ ಆಗ ಅದು ಇರಲಿಲ್ಲ.

ವೈರ್ ಕೊಟ್ಟವರು ಕೆಟ್ಟವರಲ್ಲ. ಎರಡು ವೈರ್ ಸೇರಿಸಿದರು, ನೀರು ಬಿಸಿಯಾಯಿತು. ಮೂರನೆಯದು ಯಾಕೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೀವು ಕೋರ್ಸಿಗೆ ಹೋಗಬೇಕಾದ್ದು ಇದಕ್ಕೇ. ವೈರ್ ಸೇರಿಸುವುದು ನೋಡಿದರೆ ಬರುತ್ತದೆ. ಸೇರಿಸಿದ ಮೇಲೆ ಅಳತೆ ಮಾಡಿ ನೋಡುವುದನ್ನು ಕೂತು ಕಲಿಯಬೇಕು. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಸಾಕೆಟ್ಟಿಗೆ ಕೊಟ್ಟರೆ ಏನಾಗುತ್ತದೆ ಅನ್ನುವುದು ಒಂದು ಸಲ ಲೆಕ್ಕ ಹಾಕಿದರೆ ಜನ್ಮದಲ್ಲಿ ಮರೆಯುವುದಿಲ್ಲ.

ಅದರಲ್ಲೂ ನಮ್ಮ ಕರಾವಳಿ ಬೇರೆಯೇ. ಕಾರವಾರದಿಂದ ಭಟ್ಕಳದವರೆಗೆ ಉಪ್ಪು ಗಾಳಿ. ಸ್ವಿಚ್ ಬೋರ್ಡಿನೊಳಗೆ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ, ಸ್ಕ್ರೂ ತುಕ್ಕು ತಿನ್ನುತ್ತದೆ, ಜಾಯಿಂಟ್ ಸಡಿಲಾಗಿ ಬಿಸಿಯಾಗುತ್ತದೆ. ಚಿರೇಕಲ್ಲಿನ ಗುಡ್ಡದ ಮೇಲಿನ ಮನೆಯಲ್ಲಿ ಮಳೆಗಾಲಕ್ಕೆ ಸರಿಯಿದ್ದ ಅರ್ಥಿಂಗ್ ಏಪ್ರಿಲ್ ಹೊತ್ತಿಗೆ ಗುಂಡಿ ಒಣಗಿ ಇದ್ದೂ ಇಲ್ಲದಂತಾಗುತ್ತದೆ. ಪಂಪು, ಗೀಸರ್, ನೀರು ಇರುವಲ್ಲೇ ದಿನವಿಡೀ ಇರುವ ನೀವು ಇದನ್ನು ಎಲ್ಲರಿಗಿಂತ ಮೊದಲು ನೋಡುತ್ತೀರಿ. (ಘಟ್ಟದ ಮೇಲೆ ಅಡಿಕೆ ಕೊನೆ ಇಳಿಸುವ ಕೊನೆಗೌಡರಿಗೂ ಅರ್ಧ ದಿನದ ಪಾಠ ಬೇಕು ಅಂತ ನನ್ನ ಆಸೆ. ಕೊನೆ ಕೊಯ್ಯುವ ಉದ್ದನೆ ಕೋಲು, ದೋಟಿ, ಲೈನಿಗೆ ತಾಗಿದರೆ ಕಷ್ಟ. ಅಲ್ಯೂಮಿನಿಯಂ ದೋಟಿ ಬಿಡಿ, ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ.)

ಈಗ ಎರಡನೇ ಪ್ರಶ್ನೆ. ಕೋರ್ಸಿನ ಸರ್ಟಿಫಿಕೇಟ್ ಬೇರೆ, ಪರ್ಮಿಟ್ ಬೇರೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮದ ಪ್ರಕಾರ ಹೊಸ ವೈರಿಂಗ್, ಇದ್ದ ವೈರಿಂಗಿನ ಬದಲಾವಣೆ ಎಲ್ಲ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕೈಯಲ್ಲೇ ಆಗಬೇಕು. ಕೆಲಸ ಮಾಡುವವನಿಗೂ ಪರ್ಮಿಟ್ ಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸಕ್ಕೆ ವಿನಾಯಿತಿ ಇದೆ, ಲೋಡ್ ಬದಲಾಗಬಾರದು ಅಷ್ಟೇ. ಅಂದರೆ ಹಳೇ ಗೀಸರ್ ತೆಗೆದು ಅದೇ ಅಳತೆಯ ಹೊಸದನ್ನು ಅದೇ ಸಾಕೆಟ್ಟಿಗೆ ಹಾಕುವುದಕ್ಕೆ ಅಡ್ಡಿಲ್ಲ. ಮೀಟರ್ ಬೋರ್ಡಿನಿಂದ ಹೊಸ ಲೈನ್ ಎಳೆಯುವುದು ನಿಮ್ಮದಲ್ಲ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿಗೆ 2 ವರ್ಷ ಇಟ್ಟಿದ್ದಾರೆ. ಒಂದು ತಿಂಗಳಲ್ಲಿ ಅಷ್ಟೆಲ್ಲ ಆಗುವುದಿಲ್ಲ. ಮುಂದೆ ಪರ್ಮಿಟ್ ಬೇಕು ಅನಿಸಿದರೆ ಊರಿನ ಲೈಸೆನ್ಸ್‌ದಾರರ ಜೊತೆ ಕೆಲಸ ಹಚ್ಚಿಕೊಳ್ಳಿ. ಅರ್ಜಿಯ ವಿಚಾರ ವಿದ್ಯುತ್ ಪರಿವೀಕ್ಷಣಾಲಯದಲ್ಲಿ ಕೇಳಿ. ನಿಮಗೆ ಅವರು, ಅವರಿಗೆ ನೀವು ಗಿರಾಕಿ ಕಳಿಸಿದರೆ ಆ ಎರಡು ದಿನದ ಕಾಯುವಿಕೆಯೂ ಕಡಿಮೆಯಾಗುತ್ತದೆ.

ಎಲ್ಲಿ ಕಲಿಯುವುದು? ನಮ್ಮ ಜಿಲ್ಲೆಯಲ್ಲೇ ಹಳಿಯಾಳದಲ್ಲಿ ಹಳ್ಳಿಯವರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. ಆರ್‌ಸೆಟಿಗಳಲ್ಲಿ ಊಟ, ವಸತಿ, ಪಾಠ ಎಲ್ಲ ಉಚಿತ. 38 ವಯಸ್ಸು ಅಡ್ಡಿಯಾಗದು. ಯಾವ ಬ್ಯಾಚ್ ಯಾವಾಗ ಅಂತ ಫೋನ್ ಮಾಡಿ ಕೇಳಿ. ತಿಂಗಳ ದುಡಿಮೆ ಹೋಗುತ್ತದಲ್ಲ ಅನ್ನುವ ಚಿಂತೆ ನಿಮಗಿದ್ದೇ ಇರುತ್ತದೆ. ಜುಲೈ, ಆಗಸ್ಟಿನಲ್ಲಿ ಕಟ್ಟಡದ ಕೆಲಸ ಹೇಗೂ ನಿಂತಿರುತ್ತದೆ, ಆಗ ಹೋಗಿ.

ದುಡ್ಡು ಕೊಟ್ಟು ಬೇರೆ ಕಡೆ ಸೇರುವುದಾದರೆ ಮೊದಲೇ ಒಮ್ಮೆ ಅವರ ಪ್ರಾಕ್ಟಿಕಲ್ ಕೋಣೆ ನೋಡಿ ಬನ್ನಿ. ವೈರಿನ ಹೊದಿಕೆಯಿಂದ ಕರೆಂಟ್ ಸೋರುತ್ತದಾ ಅಂತ ಅಳೆಯುವ 500 ವೋಲ್ಟಿನ ಮೆಗ್ಗರ್ ಇದೆಯಾ, ಅದನ್ನು ನಿಮ್ಮ ಕೈಗೆ ಕೊಡುತ್ತಾರಾ, ಬೇಕಂತಲೇ ಕೆಡಿಸಿಟ್ಟ ಬೋರ್ಡಿನಲ್ಲಿ ತಪ್ಪು ಹುಡುಕಲು ಬಿಡುತ್ತಾರಾ ಕೇಳಿ. ಶಾಕ್ ಹೊಡೆದವನನ್ನು ಬಿಡಿಸುವುದು, ಎದೆ ಒತ್ತುವುದು ಹೇಳಿಕೊಡುತ್ತಾರಾ ಅಂತಲೂ ಕೇಳಿ. ಬರೀ ವಿಡಿಯೋ ತೋರಿಸಿ ಸರ್ಟಿಫಿಕೇಟ್ ಕೊಡುವ ಕಡೆ ಒಂದು ರೂಪಾಯಿಯೂ ಕೊಡಬೇಡಿ.

ಕಲಿತು ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ. ನೀವೇ ಗೀಸರ್ ಕೂರಿಸಿದ ಹಳೇ ಮನೆಗಳಿಗೆ ಮತ್ತೆ ಹೋಗಿ ಸಾಕೆಟ್ ಪರೀಕ್ಷೆ ಮಾಡಿ. ಎಷ್ಟು ಕಡೆ ಆ ಹಸಿರು ವೈರ್ ಜಾಗದಲ್ಲಿತ್ತು ಅಂತ ತಿಳಿಸಿ. ಹೆಸರು ಹಾಕದೇ ಅಚ್ಚು ಮಾಡುತ್ತೇವೆ.

— ಸಂಪಾದಕ