ಬೋ ಹ್ಯಾನ್ಸನ್: ‘ಉಂಗುರ’ದ ಆಲ್ಬಮ್ ಆದಮೇಲೆ ಯಾವುದು?

ಸರ್, ಸ್ವೀಡನ್ನಿನ ಸಂಗೀತಗಾರ ಬೋ ಹ್ಯಾನ್ಸನ್ ಅವರ 1970ರ ‘ಸಾಗನ್ ಓಮ್ ರಿಂಗೆನ್’, ಅಂದರೆ ‘ಉಂಗುರದ ಕಥೆ’, ತುಂಬಾ ಹಿಡಿಸಿತು, ಆದರೆ ಆಮೇಲಿನವು ಸಪ್ಪೆ ಅಂತಾರೆ, ದುಡ್ಡು ಹಾಕಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕಿ. ಆದರೆ ಇಸವಿ ನೋಡಿಕೊಂಡು ಒಂದರ ಹಿಂದೆ ಒಂದು ಕೊಳ್ಳಬೇಡಿ. ನಾನು ಹಾಗೆ ಮಾಡಿ ಎರಡನೆಯದಕ್ಕೇ ಸುಸ್ತಾದೆ. ಮೂರನೆಯದನ್ನು ಎಷ್ಟೋ ವರ್ಷ ಮುಟ್ಟಲೇ ಇಲ್ಲ. ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ ಮೂರನೆಯದು.

ಸಪ್ಪೆ ಅನ್ನಿಸಲು ಕಾರಣ ಇದೆ. ಮೊದಲ ಆಲ್ಬಮ್ ಕೇಳುವಾಗ ಟೋಲ್ಕೀನ್ ಬರೆದ ‘ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿ ನಮ್ಮ ತಲೆಯಲ್ಲಿ ಓಡುತ್ತಿರುತ್ತದೆ. ಅರ್ಧ ಕೆಲಸ ಪುಸ್ತಕವೇ ಮಾಡಿಬಿಡುತ್ತದೆ, ಅಲ್ವಾ? ಮುಂದಿನದಕ್ಕೆ ಆ ಆಸರೆ ಇಲ್ಲ. ಬರೀ ಹ್ಯಾನ್ಸನ್ ಇದ್ದಾರೆ. ಅವರು ಮೂಲತಃ ಹ್ಯಾಮಂಡ್ ಆರ್ಗನ್ ಅನ್ನುವ ವಿದ್ಯುತ್ ಕೀಬೋರ್ಡ್ ನುಡಿಸುವವರು. ಅರುವತ್ತರ ದಶಕದ ಕೊನೆಯಲ್ಲಿ ಡ್ರಮ್ಮರ್ ಯಾನ್ನೆ ಕಾರ್ಲ್ಸನ್ ಜೊತೆ ಇಬ್ಬರದೇ ತಂಡ ಕಟ್ಟಿದ್ದರು. ಗಿಟಾರ್ ಇಲ್ಲ, ಹಾಡುಗಾರ ಇಲ್ಲ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಈ ಇಬ್ಬರ ‘ಟ್ಯಾಕ್ಸ್ ಫ್ರೀ’ಯನ್ನು ತಾವೇ ನುಡಿಸಿ ರೆಕಾರ್ಡ್ ಮಾಡಿದ್ದಾರೆ. ಒಂದು ಸಣ್ಣ ರಾಗ ಹಿಡಿದು ಅದನ್ನೇ ತಿರುವಿ ತಿರುವಿ ನೋಡುವುದು ಹ್ಯಾನ್ಸನ್ ಅಭ್ಯಾಸ. ‘ಯೆಸ್’, ‘ಜೆನೆಸಿಸ್’ ತರಹದ ರಾಕ್ ತಂಡಗಳ ಭರಾಟೆ ಇಲ್ಲಿ ಹುಡುಕಿದರೆ ಸಿಗುವುದಿಲ್ಲ.

ಹಾಗಾಗಿ ಮೊದಲು ತಗೊಳ್ಳಬೇಕಾದದ್ದು 1975ರ ‘ಮೆಲ್ಲನ್‌ವೇಸೆನ್’. ಇಂಗ್ಲಿಷ್ ಹೆಸರು ‘ಆಟಿಕ್ ಥಾಟ್ಸ್’. ಅದೇ ಹೆಸರಲ್ಲಿ ಹುಡುಕಿ, ಬೇಗ ಸಿಗುತ್ತದೆ. ಸ್ವೀಡಿಷ್ ಹೆಸರಿಗೆ ಅರ್ಥ ಹೆಚ್ಚುಕಡಿಮೆ ‘ನಡುವಿನ ಜೀವಿಗಳು’. ಅತ್ತ ಮನುಷ್ಯರೂ ಅಲ್ಲ, ಇತ್ತ ದೆವ್ವವೂ ಅಲ್ಲ. ಸಂಗೀತವೂ ಹಾಗೇ ಇದೆ. ಆರ್ಗನ್ ಮುಂದೆ ಬಂದು ಕೂರುವುದಿಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ನುಡಿಸುತ್ತಿದ್ದಾರೆ ಅನ್ನುವಂತೆ ಕೇಳುತ್ತದೆ. ಗಿಟಾರ್ ಕೆನ್ನಿ ಹೋಕನ್ಸನ್ ಅವರದು, ಸ್ವೀಡನ್ನಿನ ಕೆಬ್ನೆಕೈಸೆ ತಂಡದವರು. ಅವರು ನಡುವೆ ನಡುವೆ ಬಂದು ಆರ್ಗನ್ನಿನ ಮಂಜನ್ನು ಸ್ವಲ್ಪ ಸರಿಸುತ್ತಾರೆ. ಇದರಲ್ಲಿ ‘ರ್‍ಯಾಬಿಟ್ ಮ್ಯೂಸಿಕ್’ ಅಂತ ಒಂದಿದೆ, ಅದನ್ನು ನೆನಪಿಟ್ಟುಕೊಳ್ಳಿ.

ಯಾಕೆಂದರೆ ಆ ಮೊಲಗಳೇ 1977ರಲ್ಲಿ ಪೂರ್ತಿ ಆಲ್ಬಮ್ ಆಗಿ ಬಂದವು. ಹೆಸರು ‘ಎಲ್-ಅಹ್ರೈರಾ’. ರಿಚರ್ಡ್ ಆಡಮ್ಸ್ ಬರೆದ ‘ವಾಟರ್‌ಶಿಪ್ ಡೌನ್’ ಕಾದಂಬರಿಯಲ್ಲಿ ಮೊಲಗಳು ತಮ್ಮ ಪುರಾಣದ ವೀರನ ಕಥೆ ಹೇಳಿಕೊಳ್ಳುತ್ತವೆ, ಅವನ ಹೆಸರು ಅದು. ನಿಮಗೆ ಕಥೆ ಇದ್ದರೇ ರುಚಿ ಅನ್ನಿಸಿದರೆ ಎರಡನೆಯದಾಗಿ ಇದನ್ನೇ ತಗೊಳ್ಳಿ. ಇನ್ನೊಂದು, ಇದು ಸಿನಿಮಾದ ಸಂಗೀತ ಅಂತ ಕೆಲವರು ಮಾರುತ್ತಾರೆ. ಅಲ್ಲ. ಸಿನಿಮಾ ಬಂದದ್ದು 1978ರಲ್ಲಿ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಈಗ 1972ರ ‘ಊರ್ ಟ್ರೋಲ್‌ಕಾರ್ಲೆನ್ಸ್ ಹತ್’, ಅಂದರೆ ‘ಮಾಂತ್ರಿಕನ ಟೋಪಿಯಿಂದ’. ಇಲ್ಲಿ ಸ್ವಲ್ಪ ಹುಷಾರು. ಸ್ವೀಡನ್ನಿನಲ್ಲಿ ಸೈಲೆನ್ಸ್ ಕಂಪನಿ ತಂದದ್ದಕ್ಕೂ ಇಂಗ್ಲೆಂಡಿನಲ್ಲಿ ಕರಿಸ್ಮಾ ತಂದ ‘ಮ್ಯಾಜಿಷಿಯನ್ಸ್ ಹ್ಯಾಟ್’ಗೂ ವ್ಯತ್ಯಾಸ ಇದೆ. ಮೊದಲ ತುಣುಕು ‘ಸ್ಟೂರ್‌ಸ್ಟಾದ್’, ಅಂದರೆ ಮಹಾನಗರ, ಸ್ವೀಡಿಷ್ ಪ್ರತಿಯಲ್ಲಿ ಸುಮಾರು 11 ನಿಮಿಷ. ಇಂಗ್ಲೆಂಡಿನದರಲ್ಲಿ ಚೆನ್ನಾಗಿ ಕತ್ತರಿ ಆಡಿಸಿದ್ದಾರೆ. ನನ್ನ ಹತ್ತಿರ ಮೊದಲು ಇದ್ದದ್ದು ಈ ಕತ್ತರಿಸಿದ್ದೇ. ಆಮೇಲೆ ಸ್ನೇಹಿತರೊಬ್ಬರ ಮನೆಯಲ್ಲಿ ಸ್ವೀಡಿಷ್ ಪ್ರತಿ ಕೇಳುವಾಗ ಮುಗಿಯಬೇಕಾದ ಹೊತ್ತಿಗೆ ಮುಗಿಯಲಿಲ್ಲ. ರೆಕಾರ್ಡ್ ಪ್ಲೇಯರಿನ ಮುಳ್ಳು ಸಿಕ್ಕಿಹಾಕಿಕೊಂಡಿದೆ ಅಂತ ಎದ್ದು ಹೋಗಿ ನೋಡಿದೆ! ಕೊಳ್ಳುವ ಮುಂಚೆ ಮೊದಲ ತುಣುಕಿನ ಅವಧಿ ಕೇಳಿ ತಿಳಿದುಕೊಳ್ಳಿ. ಉದ್ದದ್ದು ಸಿಕ್ಕರೆ ಮಾತ್ರ ತಗೊಳ್ಳಿ.

1985ರ ‘ಮಿತ್ ಈ ಲೀವೆತ್’ ಕೊನೆಗಿರಲಿ. ಎಂಟು ವರ್ಷ ಬಿಟ್ಟು ಬಂದದ್ದು. ಉಳಿದೆಲ್ಲ ಮನಸ್ಸಿಗೆ ಹತ್ತಿದ ಮೇಲೆ ಕುತೂಹಲಕ್ಕೆ ಕೇಳಬಹುದು, ಅಷ್ಟೇ. ಹ್ಯಾನ್ಸನ್ 2010ರಲ್ಲಿ ತೀರಿಕೊಂಡರು.

ಎಲ್‌ಪಿನಾ, ಸಿಡಿನಾ ಅಂತಲೂ ಕೇಳಿದ್ದೀರಿ. ಹಳೆಯ ಎಲ್‌ಪಿ ಆದರೆ ಈ ಸಂಗೀತಕ್ಕೆ ಒಂದು ತೊಂದರೆ. ಸದ್ದು ತೀರಾ ಇಳಿಯುವ ಕಡೆ ಚಟಪಟ ಎದ್ದು ಕಾಣುತ್ತದೆ. ಜೋರು ರಾಕ್ ಆದರೆ ಮುಚ್ಚಿಹೋಗುತ್ತದೆ, ಇಲ್ಲಿ ಹೋಗುವುದಿಲ್ಲ. ನಾನು ಆನ್‌ಲೈನಿನಲ್ಲಿ ಫೋಟೊ ನೋಡಿ ಒಂದು ತರಿಸಿದ್ದೆ. ಕವರ್ ಹೊಸದರ ಹಾಗೆ ಇತ್ತು, ಒಳಗಿನ ತಟ್ಟೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಸುಮ್ನೆ ಸಿಡಿ ತಗೊಳ್ಳಿ. ಎಲ್‌ಪಿಯೇ ಬೇಕು ಅಂದರೆ, ನುಡಿಸಿ ವಿಡಿಯೊ ಕಳಿಸಿ ಅಂತ ಕೇಳಿ. ಕಳಿಸದವರ ಹತ್ತಿರ ಬೇಡ.

ಕೇಳುವುದು ರಾತ್ರಿ ಆಗಲಿ, ಸ್ಪೀಕರಿನಲ್ಲಿ ಆಗಲಿ, ಸದ್ದು ಕಮ್ಮಿ ಇರಲಿ. ಒಂದು ಸಲಕ್ಕೆ ಅರ್ಧ ಆಲ್ಬಮ್ ಆದರೆ ಸಾಕು. ‘ಮೆಲ್ಲನ್‌ವೇಸೆನ್’ ಮೂರು ಸಲ ಕೇಳಿದ ಮೇಲೂ ಹತ್ತಲಿಲ್ಲ ಅಂದರೆ ಇಲ್ಲೇ ಬರೆಯಿರಿ, ಮಿಕ್ಕವನ್ನು ಕೊಳ್ಳುವುದು ಬೇಡ ಅಂತ ನಾನೇ ಹೇಳುತ್ತೇನೆ.